ಕಡಲ ಚೇಳುಮೀನುಗಳು: ತತ್ತಿಯ ಬೆಳವಣಿಗೆ ಮತ್ತು ವೀರ್ಯಾಣುವಿನ ರಚನೆ

ಸ್ಕಾರ್ಪೀನಿಡೀ ಕುಟುಂಬಕ್ಕೂ ಅದರ ಹತ್ತಿರದ ಬಂಧುಗಳಿಗೂ ಸೇರಿದ, ಈಜುರೆಕ್ಕೆಯ ಮುಳ್ಳುಗಳಲ್ಲಿ ವಿಷ ಇಟ್ಟುಕೊಂಡಿರುವ ಸಮುದ್ರದ ಮೀನುಗಳನ್ನು ಇಲ್ಲಿ ಕಡಲ ಚೇಳುಮೀನುಗಳೆಂದು ಕರೆದಿದೆ. ಒಳನಾಡಿನ ಕೆರೆಕುಂಟೆಗಳಲ್ಲಿ ಚೇಳುಮೀನು ಎಂದು ಕರೆಯುವ ಹೆಟೆರೊಪ್ನ್ಯೂಸ್ಟಿಸ್ ಫಾಸಿಲಿಸ್ ಬೇರೆಯೇ ಮೀನು. ಅದು ಮೀಸೆಯ ಮೀನುಗಳ ಗುಂಪಿನದು, ಎದೆರೆಕ್ಕೆಯ ಮುಳ್ಳಿನಿಂದ ಚುಚ್ಚುತ್ತದೆ. ಎರಡಕ್ಕೂ ವಿಷದ ಮುಳ್ಳೊಂದನ್ನು ಬಿಟ್ಟರೆ ಹತ್ತಿರದ ನಂಟಿಲ್ಲ. ಕಡಲ ಚೇಳುಮೀನುಗಳ ಸಂತಾನೋತ್ಪತ್ತಿ ಜೀವಶಾಸ್ತ್ರಜ್ಞರನ್ನು ಸೆಳೆದಿರುವುದಕ್ಕೆ ಕಾರಣ ವಿಷವಲ್ಲ. ಒಂದೇ ಬಳಗದೊಳಗೆ ನೀರಿಗೆ ತತ್ತಿ ಬಿಡುವ ಮೀನುಗಳೂ ಇವೆ, ಹೊಟ್ಟೆಯೊಳಗೇ ಗರ್ಭಕಟ್ಟಿ ಮರಿ ಹೆರುವ ಮೀನುಗಳೂ ಇವೆ, ಇವೆರಡರ ನಡುವೆ ನಿಂತವೂ ಇವೆ. ಹಾಗಾಗಿ ಒಂದು ಹಳೆಯ ಪ್ರಶ್ನೆಯನ್ನು ಇಲ್ಲಿ ಚೆನ್ನಾಗಿ ಒರೆಗೆ ಹಚ್ಚಬಹುದು: ತತ್ತಿಯ ಹೊದಿಕೆ ಮತ್ತು ವೀರ್ಯಾಣುವಿನ ಆಕಾರ ವಂಶದಿಂದ ಬಂದದ್ದೋ, ಬದುಕುವ ರೀತಿಯಿಂದ ಬಂದದ್ದೋ? ತತ್ತಿ ಮತ್ತು ವೀರ್ಯಾಣು ಎಲ್ಲಿ ಭೇಟಿಯಾಗುತ್ತವೆ, ಆ ಭೇಟಿಗೆ ಮುನ್ನ ವೀರ್ಯಾಣು ಎಷ್ಟು ಕಾಲ ಕಾಯಬೇಕು ಎಂಬ ಎರಡು ಸಂಗತಿಗಳೇ ಇವುಗಳ ರಚನೆಯನ್ನು ಹೆಚ್ಚಿನ ಮಟ್ಟಿಗೆ ನಿರ್ಧರಿಸುತ್ತವೆ, ವಂಶದ ಪಾತ್ರ ಅದರ ನಂತರದ್ದು ಎಂಬುದು ಈ ಲೇಖನದ ವಾದ.

ಈ ಬಳಗ ಕರ್ನಾಟಕದ ಕರಾವಳಿಗೆ ಹೊಸದಲ್ಲ. ಮುರುಡೇಶ್ವರದ ಆಚೆ ಕಡಲಿನಲ್ಲಿರುವ ನೇತ್ರಾಣಿ ದ್ವೀಪದ ಬಂಡೆಗಳ ಸಂದಿಯಲ್ಲಿ ಲಯನ್‌ಫಿಶ್ ಎಂದು ಹೆಸರಾದ ಪ್ಟೆರೊಯಿಸ್ ಕುಲದ ಮೀನುಗಳು ಮುಳುಗುಗಾರರಿಗೆ ಕಾಣಸಿಗುತ್ತವೆ. ಅದೇ ಕುಲದ ಪ್ಟೆರೊಯಿಸ್ ರಸೆಲಿ ಪಶ್ಚಿಮ ಕರಾವಳಿಯ ಟ್ರಾಲ್ ಬಲೆಗಳಿಗೆ ಬೀಳುತ್ತದೆ. ಆ ಹೆಸರಿನಲ್ಲಿರುವ ರಸೆಲ್ ಎಂದರೆ ವೈದ್ಯ, ಈಸ್ಟ್ ಇಂಡಿಯಾ ಕಂಪನಿಯ ನಿಸರ್ಗ ವಿಜ್ಞಾನಿ ಪ್ಯಾಟ್ರಿಕ್ ರಸೆಲ್. ವಿಶಾಖಪಟ್ಟಣದಲ್ಲಿ ಸಂಗ್ರಹಿಸಿದ ಇನ್ನೂರು ಮೀನುಗಳ ಚಿತ್ರ, ವಿವರಣೆಗಳ ಅವನ ಪುಸ್ತಕ 1803ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮೀನುಗಳನ್ನು ಅಲ್ಲಿನ ಬೆಸ್ತರು ಕರೆಯುತ್ತಿದ್ದ ತೆಲುಗು ಹೆಸರುಗಳಲ್ಲೇ ಅವನು ದಾಖಲಿಸಿದ. ನಂತರ 1831ರಲ್ಲಿ ಬೆನೆಟ್ ಎಂಬ ಪ್ರಾಣಿಶಾಸ್ತ್ರಜ್ಞ ಈ ಮೀನಿಗೆ ರಸೆಲನ ಹೆಸರಿಟ್ಟ. ಇಂಗ್ಲಿಷಿನಲ್ಲಿ ಕೊಳಕುಮಂಡಲ ಹಾವಿನ ಹೆಸರಿಗೆ ಅಂಟಿಕೊಂಡಿರುವ ರಸೆಲನೂ ಇವನೇ. ವಿಷದ ಪ್ರಾಣಿಗಳಿಗೂ ಅವನಿಗೂ ಬಿಡದ ನಂಟು.

ಮೀನಿನ ತತ್ತಿ ಅಂಡಾಶಯದೊಳಗೆ ಬೆಳೆಯುವ ಕ್ರಮ ಬಹುಪಾಲು ಎಲುಬಿನ ಮೀನುಗಳಲ್ಲಿ ಒಂದೇ ದಾರಿಯಲ್ಲಿ ಸಾಗುತ್ತದೆ. ಮೊದಲು ಮೂಲಕೋಶ ವಿಭಜನೆಗೊಂಡು ಅಂಡಕೋಶವಾಗುತ್ತದೆ. ಕೋಶಕೇಂದ್ರ ಹಿಗ್ಗಿ, ಅದರ ಅಂಚಿನುದ್ದಕ್ಕೂ ಕಿರುಕೇಂದ್ರಗಳು ಸಾಲುಗಟ್ಟುತ್ತವೆ. ಆಮೇಲೆ ಅಂಚಿನ ಕೋಶದ್ರವ್ಯದಲ್ಲಿ ಸಣ್ಣ ಕೋಶಿಕೆಗಳು ಮೂಡುತ್ತವೆ. ಮುಂದೆ ಫಲೀಕರಣದ ಕ್ಷಣದಲ್ಲಿ ಅವು ಒಡೆದು ತತ್ತಿಯ ಹೊದಿಕೆಯನ್ನು ಗಟ್ಟಿಗೊಳಿಸುತ್ತವೆ. ಮೂರನೆಯ ಹಂತದಲ್ಲಿ ಯಕೃತ್ತು ಈಸ್ಟ್ರೊಜೆನ್ ಹಾರ್ಮೋನಿನ ಪ್ರಚೋದನೆಯಿಂದ ವೈಟೆಲೊಜೆನಿನ್ ಎಂಬ ಪ್ರೋಟೀನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅಂಡಕೋಶ ಅದನ್ನು ಹೀರಿ ಭ್ರೂಣದ ಬುತ್ತಿಯಾಗಿ ಕೂಡಿಡುತ್ತದೆ. ಇಷ್ಟೆಲ್ಲ ಆದ ಮೇಲೂ ತತ್ತಿ ತಾನಾಗಿ ಬಲಿಯುವುದಿಲ್ಲ. ಪಿಟ್ಯುಟರಿ ಗ್ರಂಥಿಯಿಂದ ಕೊನೆಯ ಸೂಚನೆ ಬಂದರೆ ಮಾತ್ರ ಕೋಶಕೇಂದ್ರ ಅಂಚಿಗೆ ಸರಿದು ಕರಗಿ, ತತ್ತಿ ನೀರು ಹೀರಿ, ಕಳಚಿಕೊಳ್ಳಲು ಸಿದ್ಧವಾಗುತ್ತದೆ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಗೆಂಡೆಗಳಿಗೆ ಪಿಟ್ಯುಟರಿ ಸತ್ವ ಚುಚ್ಚಿ ತತ್ತಿ ಇಡಿಸಿದ್ದು ಇದೇ ಕೊನೆಯ ಸೂಚನೆಯನ್ನು ಮನುಷ್ಯರ ಕೈಯಿಂದ ಕೊಟ್ಟ ಪ್ರಯೋಗ. ಇಂದು ತುಂಗಭದ್ರೆಯ ಬಯಲಿನ ಕೆರೆಗಳಿಗೆ ಬರುವ ಕಾಟ್ಲಾ, ರೋಹು ಮರಿಗಳ ಹಿಂದೆ ಇರುವುದೂ ಅದೇ ವಿದ್ಯೆ. ಇಲ್ಲಿಯವರೆಗೆ ಕಡಲ ಚೇಳುಮೀನಿನ ತತ್ತಿಗೂ ಕೆರೆಯ ರೋಹುವಿನ ತತ್ತಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಆ ತತ್ತಿಗಳನ್ನು ಹೊತ್ತ ಅಂಡಾಶಯದ ಕಟ್ಟಡದಲ್ಲಿ.

ಹೆಚ್ಚಿನ ಮೀನುಗಳಲ್ಲಿ ಅಂಡಾಶಯದ ಗೋಡೆಯಿಂದ ಒಳಕ್ಕೆ ಚಾಚಿದ ಪದರಗಳ ಮೇಲೆ ತತ್ತಿಗಳು ಬೆಳೆಯುತ್ತವೆ. ಸ್ಕಾರ್ಪೀನಾ, ಪ್ಟೆರೊಯಿಸ್, ಡೆಂಡ್ರೊಕೈರಸ್ ಕುಲಗಳಲ್ಲಿ ಇದು ತಿರುವುಮುರುವಾಗಿದೆ. ಪೋಷಕ ಅಂಗಾಂಶ ಅಂಡಾಶಯದ ನಟ್ಟನಡುವೆ ಒಂದು ದಿಂಡಿನಂತೆ ಹಾಯುತ್ತದೆ, ಅದರ ಸುತ್ತಲೂ ಸಣ್ಣ ತೊಟ್ಟುಗಳ ತುದಿಯಲ್ಲಿ ತತ್ತಿಗಳು ಹೊರಮುಖವಾಗಿ ನಿಂತಿರುತ್ತವೆ. ಜೋಳದ ತೆನೆಯಲ್ಲಿ ಕಾಳು ನಿಲ್ಲುವ ರೀತಿ ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಬಲಿತ ತತ್ತಿಗಳು ತೊಟ್ಟಿನಿಂದ ಕಳಚಿ, ದಿಂಡಿಗೂ ಗೋಡೆಗೂ ನಡುವಿನ ಬಯಲಿಗೆ ಬೀಳುತ್ತವೆ. ಆ ಹೊತ್ತಿಗೆ ಅಂಡಾಶಯದ ಒಳಪೊರೆ ಲೋಳೆಯನ್ನು ಸ್ರವಿಸಿರುತ್ತದೆ. ತತ್ತಿಗಳು ಬಿಡಿಬಿಡಿಯಾಗಿ ಹೊರಬರುವುದಿಲ್ಲ, ಲೋಳೆಯ ಮುದ್ದೆಯಲ್ಲಿ ಹುದುಗಿ ಒಟ್ಟಿಗೇ ಬರುತ್ತವೆ. ಇದರೊಂದಿಗೆ ಇನ್ನೊಂದು ಲಕ್ಷಣವನ್ನೂ ಗಮನಿಸಬೇಕು. ಈ ತತ್ತಿಗಳ ಹೊದಿಕೆ ತೀರ ತೆಳು. ನದಿಯ ತಳದಲ್ಲಿ, ಕಲ್ಲಿನ ಮೇಲೆ ತತ್ತಿ ಇಡುವ ಮೀನುಗಳಲ್ಲಿ ಹೊದಿಕೆ ದಪ್ಪವಾಗಿರುವುದು ರೂಢಿ, ತಿಕ್ಕಾಟ ತಡೆಯಬೇಕಲ್ಲ. ಲೋಳೆಯಲ್ಲಿ ತೇಲುವ ತತ್ತಿಗೆ ಆ ಕವಚದ ಹೊರೆ ಬೇಡ. ರಕ್ಷಣೆಯ ಕೆಲಸವನ್ನು ತತ್ತಿಯ ಗೋಡೆಯ ಬದಲು ತಾಯಿಯ ಸ್ರಾವ ವಹಿಸಿಕೊಂಡಿದೆ.

ಲಯನ್‌ಫಿಶ್‌ನ ತತ್ತಿ ಇಡುವಿಕೆ ಇದಕ್ಕೆ ಚೆನ್ನಾಗಿ ದಾಖಲಾದ ಉದಾಹರಣೆ. ಕತ್ತಲಾಗುವ ಹೊತ್ತಿಗೆ ಗಂಡು ಹೆಣ್ಣನ್ನು ಸುತ್ತುತ್ತದೆ. ಎರಡೂ ನೀರಿನ ಮೇಲ್ಮೈ ಕಡೆಗೆ ಏರುತ್ತವೆ. ಹೆಣ್ಣು ಎರಡು ಟೊಳ್ಳು ಲೋಳೆಯುಂಡೆಗಳನ್ನು ಬಿಡುತ್ತದೆ, ಎರಡು ಅಂಡಾಶಯಗಳಿಂದ ಒಂದೊಂದು. ಗಂಡು ಅಲ್ಲೇ, ಅದೇ ಗಳಿಗೆಯಲ್ಲಿ ವೀರ್ಯ ಬಿಡುತ್ತದೆ. ಉಂಡೆ ಕಡಲನೀರು ಹೀರಿ ಉಬ್ಬಿ ತೇಲುತ್ತದೆ, ಕೆಲವು ದಿನಗಳಲ್ಲಿ ಲೋಳೆ ಕರಗಿ ಮರಿಗಳು ಬಿಡುಗಡೆಯಾಗುತ್ತವೆ. ಕೆಂಪು ಸಮುದ್ರದ ಡೆಂಡ್ರೊಕೈರಸ್ ಬ್ರಾಕಿಪ್ಟೆರಸ್ ಬಗ್ಗೆ ಫಿಶೆಲ್ಸನ್ 1975ರಲ್ಲಿ ಪ್ರಕಟಿಸಿದ ಅಧ್ಯಯನ ಈ ಉಂಡೆಗಳ ಕಥೆಗೆ ಅಡಿಪಾಯ. ಅಟ್ಲಾಂಟಿಕ್‌ನಲ್ಲಿ ಹೊರಗಿನಿಂದ ಬಂದು ನೆಲೆಯೂರಿದ ಲಯನ್‌ಫಿಶ್‌ನ ಹೆಣ್ಣು ಎರಡರಿಂದ ನಾಲ್ಕು ದಿನಕ್ಕೊಮ್ಮೆ ತತ್ತಿ ಇಡಬಲ್ಲದು, ವರ್ಷಕ್ಕೆ 20 ಲಕ್ಷದ ಆಸುಪಾಸಿನ ತತ್ತಿ ಬಿಡುತ್ತದೆ ಎಂಬ ಅಂದಾಜಿದೆ. 1985ರಲ್ಲಿ ಫ್ಲಾರಿಡಾದಲ್ಲಿ ಮೊದಲು ಕಂಡ ಈ ಮೀನು ಕೆಲವು ದಶಕಗಳಲ್ಲಿ ಕೆರಿಬಿಯನ್ ಸಮುದ್ರವನ್ನೆಲ್ಲ ಆವರಿಸಿದ್ದರ ಹಿಂದೆ, ಪ್ರವಾಹದ ಜೊತೆ ತೇಲಿ ಹೋಗುವ ಈ ಉಂಡೆಗಳ ಮತ್ತು ಅದಾದ ಮೇಲೆ ವಾರಗಟ್ಟಲೆ ತೇಲುವ ಮರಿಗಳ ಪಾಲು ದೊಡ್ಡದು.

ಈಗ ಗಂಡಿನ ಕಡೆ. ಬಹುಪಾಲು ಎಲುಬಿನ ಮೀನುಗಳ ವೀರ್ಯಾಣುವಿಗೆ, ಮನುಷ್ಯನ ವೀರ್ಯಾಣುವಿಗಿರುವ ಅಕ್ರೋಸೋಮ್ ಇಲ್ಲ. ತತ್ತಿಯ ಹೊದಿಕೆಯನ್ನು ಕರಗಿಸಿ ಒಳನುಗ್ಗುವ ಕಿಣ್ವದ ಚೀಲವದು. ಅದರ ಅಗತ್ಯವೂ ಇಲ್ಲ. ತತ್ತಿಯ ಹೊದಿಕೆಯಲ್ಲೇ ಒಂದು ಸೂಕ್ಷ್ಮರಂಧ್ರ ಇರುತ್ತದೆ, ವೀರ್ಯಾಣು ಆ ಬಾಗಿಲಿನಿಂದಲೇ ಒಳಹೋಗಬೇಕು. ಹಾಗಾಗಿ ನೀರಿನಲ್ಲಿ ಫಲೀಕರಣ ನಡೆಸುವ ಮೀನುಗಳಲ್ಲಿ ವೀರ್ಯಾಣು ಸರಳ ಯಂತ್ರ: ಗುಂಡಗಿನ ಅಥವಾ ಅಂಡಾಕಾರದ ತಲೆ, ಅದರೊಳಗೆ ಬಿಗಿದ ಕ್ರೋಮಾಟಿನ್, ಕೆಲವೇ ಮೈಟೋಕಾಂಡ್ರಿಯಗಳಿರುವ ಮೊಟಕು ಮಧ್ಯಭಾಗ, ಒಂಬತ್ತು ಜೋಡಿ ನಾಳಗಳು ಸುತ್ತಲೂ ಎರಡು ನಡುವೆಯೂ ಇರುವ ಉದ್ದ ಬಾಲ. ಸ್ಕಾರ್ಪೀನಾ ಕುಲದ ವೀರ್ಯಾಣು ಈ ಮಾದರಿಗೆ ಹತ್ತಿರವೇ. ವಿಶೇಷ ಇರುವುದು ಅದು ತಯಾರಾಗುವ ರೀತಿಯಲ್ಲಿ. ಸಾಮಾನ್ಯವಾಗಿ ಮೀನಿನ ವೃಷಣದಲ್ಲಿ ವೀರ್ಯಾಣುಗಳು ಮುಚ್ಚಿದ ಕೋಶಗೂಡುಗಳಲ್ಲಿ ಪೂರ್ತಿ ಬಲಿತು, ಗೂಡು ಒಡೆದಾಗ ಒಟ್ಟಿಗೇ ಹೊರಬರುತ್ತವೆ. ಸ್ಕಾರ್ಪೀನಾ ನೊಟಾಟಾ ಮುಂತಾದವುಗಳಲ್ಲಿ ಗೂಡು ಬೇಗನೆ ಒಡೆಯುತ್ತದೆ. ಇನ್ನೂ ಬಾಲ ಮೂಡುತ್ತಿರುವ ಎಳೆಯ ಕೋಶಗಳು ನಾಳದ ಬಯಲಿಗೆ ಬಿದ್ದು, ಅಲ್ಲಿ ಒಂದೊಂದಾಗಿ, ಹೊತ್ತುಹೊತ್ತಿಗೆ ಬಲಿಯುತ್ತವೆ. ಇದನ್ನು ಅರೆಗೂಡಿನ ವೀರ್ಯಜನನ ಎನ್ನಬಹುದು. ಸ್ಪೇನಿನ ಜಿರೋನಾ ವಿಶ್ವವಿದ್ಯಾಲಯದಲ್ಲಿ ಮಾರ್ತಾ ಮುನ್ಯೋಸ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇದನ್ನು ವಿವರವಾಗಿ ತೋರಿಸಿದರು. ಒಮ್ಮೆಗೇ ಭಾರಿ ವೀರ್ಯ ಸುರಿಯಲು ಈ ವ್ಯವಸ್ಥೆ ಅನುಕೂಲವಲ್ಲ. ಸ್ವಲ್ಪ ಸ್ವಲ್ಪ, ಪದೇಪದೇ ಬಿಡಲು ಸರಿ. ಲೋಳೆಯ ಮುದ್ದೆಯಲ್ಲಿ ತತ್ತಿಗಳೆಲ್ಲ ಒಂದೆಡೆ ಸಿಗುವುದರಿಂದ, ಹತ್ತಿರದಿಂದಲೇ ವೀರ್ಯ ಬಿಡುವ ಗಂಡಿಗೆ ಅಷ್ಟು ಸಾಕು. ಅಂಡಾಶಯದ ಲೋಳೆ ಮತ್ತು ವೃಷಣದ ಮಿತವ್ಯಯ ಒಂದಕ್ಕೊಂದು ಹೊಂದಿಕೊಂಡಿವೆ ಎಂದು ನಾನು ಓದಿಕೊಳ್ಳುವುದು ಇದರಿಂದಲೇ.

ಭೇಟಿಯ ಜಾಗ ವೀರ್ಯಾಣುವಿನ ಆಯುಸ್ಸನ್ನು ಹೇಗೆ ಆಳುತ್ತದೆ ಎಂಬುದನ್ನು ನೋಡಲು ಸಮುದ್ರಕ್ಕೆ ಹೋಗಬೇಕಾಗಿಲ್ಲ. ಒಳನಾಡಿನ ಹಾಲಹರವಿ, ಆಲೂರು, ಆದವಾನಿಯ ಸೀಮೆ ಕಡಲಿನಿಂದ ಸುಮಾರು ಮುನ್ನೂರು ಕಿಲೋಮೀಟರ್ ಒಳಗಿದೆ. ಇಲ್ಲಿಯ ಮೀನುಗಳೆಂದರೆ ಹಗರಿ ಹೊಳೆಯ ಮೀನು, ಕೆರೆಯ ಮೀನು, 1953ರಲ್ಲಿ ನಿಂತ ತುಂಗಭದ್ರಾ ಅಣೆಕಟ್ಟೆಯಿಂದ ಹರಿದು ಬರುವ ಕೆಳಮಟ್ಟದ ಕಾಲುವೆಯ ಮೀನು. ಗೆಂಡೆಯ ವೀರ್ಯಾಣು ಗಂಡಿನ ಮೈಯಲ್ಲಿರುವಾಗ ಅಲುಗಾಡುವುದಿಲ್ಲ. ಸುತ್ತಲಿನ ದ್ರವ ತೆಳುವಾದ ಕೂಡಲೇ, ಅಂದರೆ ಸಿಹಿನೀರು ತಾಗಿದ ಕೂಡಲೇ ಎದ್ದು ಈಜುತ್ತದೆ, ಒಂದೆರಡು ನಿಮಿಷದೊಳಗೆ ಸುಸ್ತಾಗುತ್ತದೆ. ಕಡಲ ಮೀನಿನ ವೀರ್ಯಾಣುವಿಗೆ ಇದರ ವಿರುದ್ಧ: ಸುತ್ತಲಿನ ಉಪ್ಪು ಹೆಚ್ಚಾದಾಗ ಅದು ಏಳುತ್ತದೆ. ಜಪಾನಿನ ಮೊರಿಸಾವಾ ಮತ್ತು ಸುಜುಕಿ 1980ರಲ್ಲಿ ಇದನ್ನು ಸ್ಪಷ್ಟಪಡಿಸಿದರು. ಮೀನುಮರಿ ಕೇಂದ್ರಗಳಲ್ಲಿ ತತ್ತಿಯನ್ನೂ ವೀರ್ಯವನ್ನೂ ಮೊದಲು ಒಣ ಬೋಗುಣಿಯಲ್ಲಿ ಬೆರೆಸಿ ಆಮೇಲೆ ನೀರು ಹಾಕುವ ರೂಢಿಗೆ ಕಾರಣ ಇದೇ. ಮೊದಲೇ ನೀರು ಹಾಕಿದರೆ ವೀರ್ಯಾಣುವಿನ ಶಕ್ತಿ ಭೇಟಿಗೆ ಮುಂಚೆಯೇ ಮುಗಿಯುತ್ತದೆ, ತತ್ತಿಯ ಬಾಗಿಲೂ ಮುಚ್ಚುತ್ತದೆ. ಇನ್ನು ನಮ್ಮ ಕೆರೆಯ ಚೇಳುಮೀನಿನ ಗಂಡಿನ ಹೊಟ್ಟೆ ಒತ್ತಿದರೆ ವೀರ್ಯ ಬರುವುದೇ ಇಲ್ಲ. ಮರಿ ಮಾಡಿಸುವವರು ಗಂಡನ್ನು ಕೊಂದು ವೃಷಣ ತೆಗೆದು ಅರೆಯುತ್ತಾರೆ. ಮಳೆಗಾಲದ ಹೊಳೆಯಲ್ಲಿ ಗುಂಪಾಗಿ ತತ್ತಿ ಸುರಿಸುವ ರೋಹುವಿನ ಗಂಡಿಗೆ ವೀರ್ಯ ಧಾರಾಳವಾಗಿ ಬೇಕು. ಜೋಡಿಯಾಗಿ, ಮೈ ತಾಗುವಷ್ಟು ಹತ್ತಿರ ನಡೆಯುವ ಕೆರೆಯ ಚೇಳುಮೀನಿನ ಕೂಟಕ್ಕೆ ಅಷ್ಟು ಬೇಡ.

ಕಡಲ ಚೇಳುಮೀನುಗಳಿಗೆ ಮರಳಿದರೆ, ಈ ವಾದಕ್ಕೆ ಬಲವಾದ ಸಾಕ್ಷಿ ಹೆಲಿಕೊಲಿನಸ್ ಡ್ಯಾಕ್ಟಿಲೊಪ್ಟೆರಸ್. ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್‌ನ ಆಳದಲ್ಲಿ, ನೂರಾರು ಮೀಟರ್ ಕೆಳಗೆ ಬದುಕುವ ಈ ಮೀನಿನ ಅಂಡಾಶಯ ಸ್ಕಾರ್ಪೀನಾದಂತೆಯೇ ನಡುದಿಂಡಿನದು, ಅದೇ ತೊಟ್ಟು, ಅದೇ ಲೋಳೆ. ಫಲೀಕರಣ ಮಾತ್ರ ಒಳಗೆ. ಗಂಡು ಕೂಡಿದ ಮೇಲೆ ವೀರ್ಯಾಣುಗಳು ಅಂಡಾಶಯದ ಪದರಗಳ ಬುಡದಲ್ಲಿರುವ ಕಿರುಗುಹೆಗಳನ್ನು ಸೇರಿ ಅಲ್ಲೇ ಉಳಿಯುತ್ತವೆ. ತತ್ತಿಗಳು ಬಲಿಯುವುದು ಎಷ್ಟೋ ತಿಂಗಳ ನಂತರ. ಸುಮಾರು ಹತ್ತು ತಿಂಗಳವರೆಗೆ ವೀರ್ಯಾಣು ಜೀವಂತವಾಗಿ ಇರಬಲ್ಲದು ಎಂದು ಅಂದಾಜಿಸಲಾಗಿದೆ. ಈ ಕಾಯುವಿಕೆಗೆ ಎರಡು ತೊಡಕುಗಳಿವೆ. ಒಂದು, ಹೆಣ್ಣಿನ ದೇಹಕ್ಕೆ ವೀರ್ಯಾಣು ಹೊರಗಿನ ವಸ್ತು, ರೋಗನಿರೋಧಕ ಕೋಶಗಳು ಅದನ್ನು ಬಿಡುವುದಿಲ್ಲ. ಕಿರುಗುಹೆಯ ಗೋಡೆಯ ಕೋಶಗಳು ಸಂದಿ ಬಿಡದೆ ಬೆಸೆದುಕೊಂಡಿರುವುದು ಇದಕ್ಕೆ ತಡೆ. ಎರಡನೆಯದು ಆಹಾರ. ವೀರ್ಯಾಣುವಿನ ಮಧ್ಯಭಾಗದ ಸುತ್ತ ಕೋಶದ್ರವ್ಯದ ದೊಡ್ಡ ಚೀಲವೊಂದು ಉಳಿದಿರುತ್ತದೆ. ನೀರಿನಲ್ಲಿ ಫಲೀಕರಿಸುವ ಮೀನಿನ ವೀರ್ಯಾಣು ಬಲಿಯುವಾಗ ಬಿಸಾಡುವ ಭಾಗ ಅದು. ಎರಡು ನಿಮಿಷದ ಓಟಗಾರನಿಗೆ ಅದು ಭಾರ, ತಿಂಗಳುಗಟ್ಟಲೆ ಕಾಯುವವನಿಗೆ ಅದೇ ಬುತ್ತಿ. ಕೊನೆಗೆ ಹೆಣ್ಣು ಬಿಡುವುದು ಮರಿಗಳನ್ನಲ್ಲ, ಲೋಳೆಯಲ್ಲಿ ಹುದುಗಿದ, ಆಗಲೇ ಫಲಿತವಾಗಿ ಬೆಳವಣಿಗೆ ಶುರುಮಾಡಿರುವ ಎಳೆಯ ಭ್ರೂಣಗಳನ್ನು.

ಉತ್ತರ ಪೆಸಿಫಿಕ್‌ನಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಾಗಿ ಹರಡಿರುವ ಸೆಬಾಸ್ಟಿಸ್ ಕುಲ ಇನ್ನೂ ಮುಂದೆ ಹೋಗಿದೆ. ಕೂಟ, ವೀರ್ಯದ ಸಂಗ್ರಹ, ಫಲೀಕರಣ, ಭ್ರೂಣದ ಬೆಳವಣಿಗೆ ಎಲ್ಲವೂ ಅಂಡಾಶಯದೊಳಗೆ ನಡೆಯುತ್ತವೆ. ಹೊರಬರುವುದು ಈಜಬಲ್ಲ ಮರಿ. ಜಪಾನ್, ಕೊರಿಯಾ ತೀರದ ಸೆಬಾಸ್ಟಿಸ್ ಷ್ಲೆಗೆಲಿ ಚಳಿಗಾಲದ ಮೊದಲಲ್ಲಿ ಕೂಡುತ್ತದೆ, ಫಲೀಕರಣ ವಸಂತದಲ್ಲಿ. ಬೋಲರ್ಟ್ ಮತ್ತು ಯೊಕ್ಲಾವಿಚ್ 1984ರಲ್ಲಿ ಸೆಬಾಸ್ಟಿಸ್ ಮೆಲನೊಪ್ಸ್ ಭ್ರೂಣಗಳು ತತ್ತಿಯ ಬುತ್ತಿಯಷ್ಟೇ ಅಲ್ಲದೆ ತಾಯಿಯಿಂದಲೂ ಆಹಾರ ಪಡೆಯುತ್ತವೆ ಎಂದು ತೋರಿಸಿದರು. ಆದರೂ ದೊಡ್ಡ ಹೆಣ್ಣು ಒಮ್ಮೆಗೆ ಲಕ್ಷಗಟ್ಟಲೆ ಮರಿ ಹಾಕುತ್ತದೆ. ಮರಿ ಹೆರುವ ಪ್ರಾಣಿ ಎಂದರೆ ಕಡಿಮೆ ಸಂತಾನ ಎಂಬ ನಮ್ಮ ಅಂದಾಜು ಇಲ್ಲಿ ನಡೆಯುವುದಿಲ್ಲ.

ಇಲ್ಲಿ ಬರುವ ಮೊದಲ ಆಕ್ಷೇಪ ವಂಶದ್ದು. ಸೆಬಾಸ್ಟಿಸ್ ಮತ್ತು ಹೆಲಿಕೊಲಿನಸ್ ಒಂದೇ ಉಪಗುಂಪಿನವು, ಒಳಫಲೀಕರಣ ಅವುಗಳ ಪೂರ್ವಿಕರಿಂದ ಬಂದದ್ದು, ವೀರ್ಯಾಣುವಿನ ರಚನೆಯೂ ಹಾಗೆಯೇ ಬಂದಿರಬಹುದಲ್ಲವೇ? ಇದರಲ್ಲಿ ಅರ್ಧ ನಿಜವಿದೆ. ಆದರೆ ವಂಶವೇ ಎಲ್ಲವನ್ನೂ ಹೇಳುವಂತಿದ್ದರೆ ಇವೆರಡರ ಅಂಡಾಶಯವೂ ಒಂದೇ ಥರ ಇರಬೇಕಿತ್ತು. ಕೋಯಾ ಮತ್ತು ಮುನ್ಯೋಸ್ 2007ರಲ್ಲಿ ಈ ಬಳಗದ ಅಂಡಾಶಯಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದಾರೆ. ಕಟ್ಟಡದಲ್ಲಿ ಹೆಲಿಕೊಲಿನಸ್ ದೂರದ ಸ್ಕಾರ್ಪೀನಾದ ಕಡೆಗೆ, ಕೂಟದ ರೀತಿಯಲ್ಲಿ ಹತ್ತಿರದ ಸೆಬಾಸ್ಟಿಸ್ ಕಡೆಗೆ ವಾಲುತ್ತದೆ. ಬಳಗದ ಹೊರಗಿನ ಸಾಕ್ಷಿ ಇನ್ನೂ ಗಟ್ಟಿ. ಕಾಟಿಡೀ ಕುಟುಂಬದ ತಣ್ಣೀರಿನ ಮೀನುಗಳಲ್ಲಿ ಕೂಡುವವೂ ಇವೆ, ಕೂಡದೆ ನೀರಿಗೇ ಬಿಡುವವೂ ಇವೆ. ಕೂಡುವ ಪ್ರಭೇದಗಳ ವೀರ್ಯಾಣು ಅಂಡಾಶಯದ ದ್ರವದ ಉಪ್ಪಿನಲ್ಲಿ ಚೆನ್ನಾಗಿ ಈಜಿದರೆ, ಕೂಡದವುಗಳದ್ದು ಕಡಲನೀರಿನಲ್ಲಿ ಈಜುತ್ತದೆ. ಅದೇ ಕುಟುಂಬದ ಆಲ್ಸಿಕ್ತಿಸ್ ಆಲ್ಸಿಕಾರ್ನಿಸ್‌ನಲ್ಲಿ ವೀರ್ಯಾಣು ಅಂಡಾಶಯದೊಳಗೇ ತತ್ತಿಯ ಸೂಕ್ಷ್ಮರಂಧ್ರ ಹೊಕ್ಕು ಕೂರುತ್ತದೆ. ಫಲೀಕರಣ ಪೂರ್ತಿಯಾಗುವುದು ತತ್ತಿ ಕಡಲನೀರಿಗೆ ಬಿದ್ದ ಮೇಲೆ. ಮುನೆಹಾರಾ ಮತ್ತು ಸಂಗಡಿಗರು 1989ರಲ್ಲಿ ಇದನ್ನು ವರದಿ ಮಾಡಿದಾಗ, ಒಳಫಲೀಕರಣ, ಹೊರಫಲೀಕರಣ ಎಂಬ ಎರಡೇ ಖಾನೆಗಳ ವಿಂಗಡಣೆ ಸಾಲದು ಎಂಬುದು ಸ್ಪಷ್ಟವಾಯಿತು. ಒಂದೇ ಕುಟುಂಬದಲ್ಲಿ ವೀರ್ಯಾಣುವಿನ ಸ್ವಭಾವ ಕೂಟದ ರೀತಿಗೆ ತಕ್ಕಂತೆ ಬದಲಾಗುವುದಾದರೆ, ವಂಶವನ್ನು ಮೊದಲ ಕಾರಣವಾಗಿ ಹಿಡಿಯುವುದು ಕಷ್ಟ.

ಎರಡನೆಯ ಆಕ್ಷೇಪ ಲೋಳೆಯ ಬಗ್ಗೆ. ಲೋಳೆ ಇರುವುದು ಫಲೀಕರಣದ ಅನುಕೂಲಕ್ಕಲ್ಲ, ತತ್ತಿ ತಿನ್ನುವ ಮೀನುಗಳನ್ನು ದೂರವಿಡಲು ಎಂದು ಲಯನ್‌ಫಿಶ್‌ನ ಅಧ್ಯಯನಕಾರರಲ್ಲಿ ಕೆಲವರು ಸೂಚಿಸಿದ್ದಾರೆ. ಹಾಗೂ ಇರಬಹುದು. ಒಂದು ಅಂಗ ಎರಡು ಕೆಲಸ ಮಾಡುವುದು ಜೀವಲೋಕದಲ್ಲಿ ಅಪರೂಪವಲ್ಲ. ಆದರೆ ರಕ್ಷಣೆಯೊಂದೇ ಕಾರಣವಾಗಿದ್ದರೆ ತತ್ತಿಯ ಹೊದಿಕೆ ತೆಳುವಾದುದನ್ನು ವಿವರಿಸಬಹುದೇ ಹೊರತು, ವೃಷಣದ ಅರೆಗೂಡಿನ ವ್ಯವಸ್ಥೆಯನ್ನು ಅಲ್ಲ. ಮೂರನೆಯ ಆಕ್ಷೇಪ ನನ್ನ ಮಾತಿಗಿಂತ ಪಠ್ಯಪುಸ್ತಕಗಳ ಮಾತಿಗೆ ಸಂಬಂಧಿಸಿದ್ದು. ಸ್ಕಾರ್ಪೀನಾದಿಂದ ಹೆಲಿಕೊಲಿನಸ್, ಅಲ್ಲಿಂದ ಸೆಬಾಸ್ಟಿಸ್ ಎಂದು ಇವನ್ನು ಮೆಟ್ಟಿಲುಗಳಂತೆ ಜೋಡಿಸಿ, ತತ್ತಿ ಇಡುವುದರಿಂದ ಮರಿ ಹೆರುವುದಕ್ಕೆ ಏರಿದ ದಾರಿ ಎಂದು ಹೇಳುವ ವಾಡಿಕೆಯಿದೆ. ಹೆಲಿಕೊಲಿನಸ್ ಇಂದು ಬದುಕಿರುವ ಮೀನು, ಯಾರ ಪೂರ್ವಜನೂ ಅಲ್ಲ. ಆಳದ ಕತ್ತಲಲ್ಲಿ ಜೋಡಿ ಸಿಗುವುದು ಅಪರೂಪವಾದ ಜಾಗದಲ್ಲಿ, ಸಿಕ್ಕಾಗ ಕೂಡಿ ವೀರ್ಯವನ್ನು ಕಾಯ್ದಿಟ್ಟುಕೊಳ್ಳುವುದು ತನ್ನಷ್ಟಕ್ಕೆ ಪೂರ್ತಿಯಾದ ಏರ್ಪಾಡು. ಅದನ್ನು ಅರ್ಧ ಹತ್ತಿದ ಮೆಟ್ಟಿಲು ಎನ್ನುವುದು ತಪ್ಪು. ಬಳಗದ ಮಿತಿಯೇ ಇನ್ನೂ ಚರ್ಚೆಯಲ್ಲಿರುವಾಗ, ಸೆಬಾಸ್ಟಿಸ್‌ನ ಗುಂಪನ್ನು ಪ್ರತ್ಯೇಕ ಕುಟುಂಬವೆಂದು ಕೆಲವರೂ ಉಪಕುಟುಂಬವೆಂದು ಕೆಲವರೂ ಹೇಳುವಾಗ, ಮೆಟ್ಟಿಲು ಕಟ್ಟುವ ಅವಸರ ಬೇಡ.

ಮೇಲಿನ ಸಾಕ್ಷ್ಯಗಳು ಬಂದಿರುವುದು ಮೆಡಿಟರೇನಿಯನ್, ಕೆಂಪು ಸಮುದ್ರ, ಜಪಾನ್, ಅಮೆರಿಕದ ತೀರಗಳಿಂದ. ಅರಬ್ಬಿ ಸಮುದ್ರದ ಪ್ರಭೇದಗಳಿಂದ ಇದಕ್ಕೆ ಸಾಕ್ಷ್ಯ ಸೇರಿಸಲು ದೊಡ್ಡ ಖರ್ಚೇನೂ ಬೇಕಾಗಿಲ್ಲ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜು ಇದೆ, ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ಮಲ್ಪೆ, ಮಂಗಳೂರಿನ ಬಂದರುಗಳಲ್ಲಿ ಮಾರುಕಟ್ಟೆಗೆ ಬೇಡವಾಗಿ ಬದಿಗೆ ಬೀಳುವ ಮುಳ್ಳಿನ ಮೀನುಗಳನ್ನು ತಿಂಗಳಿಗೊಮ್ಮೆ ಆಯ್ದು, ಅಂಡಾಶಯ ಮತ್ತು ವೃಷಣವನ್ನು ತಾಜಾ ಇರುವಾಗಲೇ ರಾಸಾಯನಿಕದಲ್ಲಿ ಕೆಡದಂತೆ ಇಟ್ಟರೆ, ಒಂದು ವರ್ಷದಲ್ಲಿ ಪ್ಟೆರೊಯಿಸ್ ರಸೆಲಿಯ ತತ್ತಿಯ ಬೆಳವಣಿಗೆಯ ಪೂರ್ಣ ಚಕ್ರ ಕೈಗೆ ಸಿಗುತ್ತದೆ. ಅದರ ವೃಷಣದಲ್ಲೂ ಅರೆಗೂಡಿನ ವ್ಯವಸ್ಥೆ ಕಂಡರೆ ಈ ಲೇಖನದ ವಾದ ಗಟ್ಟಿಯಾಗುತ್ತದೆ, ಕಾಣದಿದ್ದರೆ ತಿದ್ದಬೇಕಾಗುತ್ತದೆ. ಪ್ರಾಣಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು ಯಾರಾದರೂ ಈ ಕೆಲಸ ಕೈಗೆತ್ತಿಕೊಳ್ಳಲಿ. ಬೆನ್ನಿನ ಮುಳ್ಳಿನ ವಿಷ ಮೀನು ಸತ್ತ ಮೇಲೂ ಸ್ವಲ್ಪ ಕಾಲ ಇರುತ್ತದೆ, ದಪ್ಪ ಕೈಗವಸಿಲ್ಲದೆ ಮುಟ್ಟಬಾರದು.